ಮಾತ್ರೆಯ ಜೊತೆಗೆ ಎರಡು ಮಾತು

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ಕರಿಕಲ್ಲಹಟ್ಟಿಯ ಸರ್ಕಾರಿ ಆಸ್ಪತ್ರೆಯ ಒಳಕೋಣೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಮೇಲೆ ಸಿರಿಂಜು, ಸೂಜಿಗಳು ಕುದಿಯುತ್ತಿವೆ. ಹೊರಗೆ ಮೆಟ್ಟಿಲ ಮೇಲೆ ಕಂಬಳಿ ಹೊದ್ದ ಮುದುಕನೊಬ್ಬನ ಪಕ್ಕ ನರ್ಸ್ ಮರುಳಸಿದ್ದಮ್ಮ ಕುಳಿತಿದ್ದಾರೆ. ಮುದುಕನ ಹೆಸರು ಬೋರಪ್ಪ. ಕ್ಷಯರೋಗಿ, ಐದನೇ ತಿಂಗಳ ಮಾತ್ರೆ ಒಯ್ಯಲು ಬಂದಿದ್ದಾನೆ. ದಿನಾ ನುಂಗಿದೆಯಾ ಎಂದು ಆಕೆ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ.

"ಅಜ್ಜ, ಹಳೇ ಪೊಟ್ಟಣದಾಗೆ ಎಷ್ಟು ಉಳಿದವೆ, ತಗಿ ನೋಡಾಣ."

ಎರಡು ಉಳಿದಿರಬೇಕಿತ್ತು, ಒಂಬತ್ತು ಉಳಿದಿವೆ. ಆಕೆ ಬೈಯುವುದಿಲ್ಲ, ಯಾವ ದಿನ ತಪ್ಪಿತು ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಮೊಮ್ಮಗಳ ಮದುವೆಗೆಂದು ಹಿರಿಯೂರಿನಲ್ಲಿ ಒಂದು ವಾರ ಇದ್ದನಂತೆ. ಬೀಗರ ಕಣ್ಣೆದುರು ಮಾತ್ರೆ ನುಂಗಿದರೆ ಕಾಯಿಲೆ ಗೊತ್ತಾಗುತ್ತದೆ, ಲೋಟ ಬೇರೆ ಇಡುತ್ತಾರೆ ಎಂಬ ಅಂಜಿಕೆ. ಮರುಳಸಿದ್ದಮ್ಮ ಅವನ ಎಲೆಅಡಿಕೆ ಚೀಲ ಇಸಿದುಕೊಂಡು, ಸುಣ್ಣದ ಡಬ್ಬಿಯ ಪಕ್ಕದ ಗೂಡಿನಲ್ಲಿ ಹೊಸ ಪೊಟ್ಟಣ ತೂರಿಸುತ್ತಾರೆ. ಉಂಡಮೇಲೆ ಎಲೆ ಹಾಕುವಾಗ ಬಾಯಿಗೆ ಇನ್ನೊಂದು ಹೋದರೆ ಯಾರು ನೋಡುತ್ತಾರೆ? ಮುದುಕ ನಗುತ್ತಾನೆ. ಅಷ್ಟರಲ್ಲಿ ಬಸ್ಸಿನ ಸದ್ದು ಕೇಳಿಸುತ್ತದೆ.

ಇದು 1978ರ ಮಾರ್ಗಶಿರದ ಒಂದು ಬೆಳಗು. ಒಂಬತ್ತಕ್ಕೆ ಡಾಕ್ಟರು ಬರುವಷ್ಟರಲ್ಲಿ ಬಾಗಿಲ ಮುಂದೆ ಸಾಲು ಬೆಳೆದಿರುತ್ತದೆ. ದಿನಕ್ಕೆ ತೊಂಬತ್ತು, ನೂರು ಜನ. ಒಬ್ಬ ಡಾಕ್ಟರು, ಒಬ್ಬ ನರ್ಸು. ಡಾಕ್ಟರಿಗೆ ಒಬ್ಬೊಬ್ಬರ ಪಾಲಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಹೀಗಾಗಿ ಮರುಳಸಿದ್ದಮ್ಮ ತಮ್ಮ ಮಾತುಕತೆಯನ್ನೆಲ್ಲ ಬೆಳಗಿನ ಜಾವಕ್ಕೆ ಇಟ್ಟುಕೊಂಡಿದ್ದಾರೆ. ಅದು ಸಂಬಳದ ಕೆಲಸವಲ್ಲ. ಮೇಲಿನವರಿಗೆ ಕಳಿಸುವ ತಿಂಗಳ ವರದಿಯಲ್ಲಿ ಸೂಜಿಗೆ, ಮಾತ್ರೆಗೆ, ಹೆರಿಗೆಗೆ ಜಾಗವಿದೆ, ಮಾತಿಗೆ ಇಲ್ಲ.

ಭರಮಸಾಗರದ ಕೆರೆಯ ಕೆಳಗಿನ ಒಕ್ಕಲು ಮನೆತನ ಅವರದು. ಎಂಟನೇ ತರಗತಿ ಮುಗಿಸಿ ಚಿತ್ರದುರ್ಗಕ್ಕೆ ನರ್ಸ್ ತರಬೇತಿಗೆ ಹೊರಟಾಗ ಅಪ್ಪ ಮೂರು ತಿಂಗಳು ಮಾತು ಬಿಟ್ಟಿದ್ದರು. ಕಂಡಕಂಡವರ ಮೈ ಮುಟ್ಟುವ ಹುಡುಗಿ ಎಂದು ಬಂದ ಸಂಬಂಧಗಳೂ ತಿರುಗಿ ಹೋದವು. ಈಗ ನಲವತ್ತಾರು. ಅದರ ಬಗ್ಗೆ ಕೇಳಿದರೆ ಕೈಯಾಡಿಸಿ ಬಿಡುತ್ತಾರೆ. ಅವರ ನೋವು ಬೇರೆಯೇ ಇದೆ. ಅದಕ್ಕೆ ಜುಂಜಣ್ಣ ಎಂದು ಹೆಸರು.

ನಾಲ್ಕು ವರ್ಷದ ಹಿಂದೆ ರಕ್ತ ಕೆಮ್ಮುತ್ತ ಬಂದ ಕುರಿಗಾಹಿ ಅವನು. ಮೂವತ್ತು ದಾಟಿದ ಆಳು. ಎರಡು ತಿಂಗಳು ಇಂಜೆಕ್ಷನ್ ಹಾಕಿದ್ದು ಮರುಳಸಿದ್ದಮ್ಮನೇ. ಕೆಮ್ಮು ನಿಂತಿತು, ಕೆನ್ನೆ ತುಂಬಿತು. ಆಮೇಲೆ ಒಂದೂವರೆ ವರ್ಷ ಮಾತ್ರೆ ನುಂಗಬೇಕು. ಹಾಗೆ ಒಂದು ತಿಂಗಳ ಮಾತ್ರೆಗೆ ಬಂದ ದಿನ ಆಸ್ಪತ್ರೆಯಲ್ಲಿ ಕಾಲರಾ ಸೂಜಿ ಹಾಕುತ್ತಿದ್ದರು. ಇನ್ನೂರು ಜನ, ಅಳುವ ಕೂಸುಗಳು. ಆಕೆ ಪೊಟ್ಟಣ ಕೈಗಿಟ್ಟರೂ ಜುಂಜಣ್ಣ ಬಾಗಿಲು ಬಿಟ್ಟು ಕದಲಲಿಲ್ಲ.

"ನರ್ಸಮ್ಮ, ಒಂದ್ ಮಾತು ಕೇಳಬೇಕಿತ್ತು."

"ಮುಂದಿನ ಸಲ ಕೇಳಪ್ಪ. ನೋಡು, ಎಷ್ಟು ಜನ ಅವರೆ."

ಅವನು ತಲೆಯಾಡಿಸಿ ಹೋದ. ಮುಂದಿನ ತಿಂಗಳು ಬರಲಿಲ್ಲ. ಕುರಿ ಹೊಡೆದುಕೊಂಡು ಭದ್ರಾ ಕಡೆ ಹೋಗಿರಬೇಕು, ಬರುತ್ತಾನೆ ಎಂದು ಆಕೆ ಸುಮ್ಮನಾದರು. ಅವನ ಹಟ್ಟಿಗೆ ಒಂದು ಮಾತು ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ.

ಏಳು ತಿಂಗಳ ಮೇಲೆ ಅವನ ಹೆಂಡತಿ ಪಾಲಮ್ಮ ಬಂದಳು. ರಾತ್ರಿ ಕುರಿ ತರುಬಿ ನಿಲ್ಲಿಸಿದ್ದ ಯಾರದೋ ಹೊಲದಲ್ಲೇ ಜುಂಜಣ್ಣ ತೀರಿಕೊಂಡಿದ್ದ. ಸೆರಗಿನ ಗಂಟು ಬಿಚ್ಚಿ ಅವಳು ಮಾತ್ರೆಯ ಪೊಟ್ಟಣ ಮೇಜಿನ ಮೇಲಿಟ್ಟಳು. ಸರ್ಕಾರದ್ದು, ಇನ್ಯಾರಿಗಾದರೂ ಆಗುತ್ತದೆ ಎಂದು ತಂದಿದ್ದಳು. ಏನು ಕೇಳಬೇಕು ಅಂತಿದ್ದ ನಿನ್ನ ಗಂಡ ಎಂದು ಮರುಳಸಿದ್ದಮ್ಮ ಕೇಳಿದರು.

"ಹೊತ್ತಾರೆ ನುಂಗಿದ್ರೆ ಹೊಟ್ಟೆ ತೊಳಸಿ ವಾಂತಿ ಬರಾದು, ಕುರಿ ಹಿಂದೆ ನಡೆಯಾಕೇ ಆಗ್ತಿರಲಿಲ್ಲ. ರಾತ್ರಿ ಉಂಡಮೇಲೆ ನುಂಗಬಹುದಾ ಅಂತ ಕೇಳ್ತೀನಿ ಅಂದಿದ್ದ" ಎಂದಳು ಪಾಲಮ್ಮ.

ನುಂಗಬಹುದಿತ್ತು. ಉತ್ತರ ಅಷ್ಟೇ ಇದ್ದದ್ದು.

ಇದನ್ನು ಹೇಳುವಾಗ ಮರುಳಸಿದ್ದಮ್ಮನ ದನಿ ಏರುವುದಿಲ್ಲ, ನಡುಗುವುದೂ ಇಲ್ಲ. ಆದರೆ ಮಡಿಸುತ್ತಿದ್ದ ಬ್ಯಾಂಡೇಜು ಬಟ್ಟೆಯನ್ನು ಮತ್ತೆ ಬಿಚ್ಚಿ ಮೊದಲಿನಿಂದ ಮಡಿಸುತ್ತಾರೆ. "ಅವ್ನಿಗೆ ಔಷಧಿ ಸಿಗಲಿಲ್ಲ ಅನ್ನಂಗಿಲ್ಲ. ಔಷಧಿ ಕೈಯಾಗೇ ಇತ್ತು. ನನ್ನ ಬಾಯಾಗೆ ಇದ್ದಿದ್ದು ಅವ್ನಿಗೆ ಸಿಗಲಿಲ್ಲ" ಅನ್ನುತ್ತಾರೆ.

ಪಾಲಮ್ಮ ಅಂದು ಕೂಗಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತೇನೋ. ಅವಳು ಮಾತ್ರೆ ಇಟ್ಟು, ಕೆಮ್ಮುತ್ತ ಎದ್ದಳು. ಆ ಕೆಮ್ಮು ಕೇಳಿ ಮರುಳಸಿದ್ದಮ್ಮ ಅವಳ ಕೈ ಹಿಡಿದು ಕೂರಿಸಿದರು. ಕಫ ಪರೀಕ್ಷೆಯಲ್ಲಿ ಅವಳಿಗೂ ಕ್ಷಯ. ಅಲ್ಲಿಂದ ಪ್ರತಿ ಭಾನುವಾರ ಆಕೆ ಪಾಲಮ್ಮನ ಹಟ್ಟಿಗೆ ನಾಲ್ಕು ಮೈಲಿ ನಡೆದು ಹೋದರು. ಒಂದೂವರೆ ವರ್ಷಕ್ಕೆ ಪಾಲಮ್ಮ ಗುಣವಾದಳು. ಹಟ್ಟಿಯಲ್ಲಿ ಯಾರಾದರೂ ಹದಿನೈದು ದಿನ ಕೆಮ್ಮಿದರೆ ಈಗ ಅವಳೇ ಕರೆದುಕೊಂಡು ಬರುತ್ತಾಳೆ.

ಕ್ಷಯರೋಗಿಗಳ ಚೀಟಿಗಳನ್ನು ಮರುಳಸಿದ್ದಮ್ಮ ಒಮ್ಮೆ ತಾವೇ ಹರವಿಕೊಂಡು ಎಣಿಸಿದರು. ಜುಂಜಣ್ಣ ಇದ್ದ ಕಾಲದಲ್ಲಿ ಮೂವತ್ತೊಂದು ರೋಗಿಗಳಲ್ಲಿ ಕೊನೆಯವರೆಗೆ ಮಾತ್ರೆ ನುಂಗಿದವರು ಹನ್ನೆರಡು. ಬೆಳಗಿನ ಮಾತುಕತೆ ಶುರುವಾದ ಮೇಲೆ ಮೂವತ್ತೆಂಟರಲ್ಲಿ ಮೂವತ್ತೊಂದು. ಮಾತ್ರೆ ಅದೇ, ಡಾಕ್ಟರೂ ಅವರೇ. ಲೆಕ್ಕ ನೋಡಿದ ಡಾಕ್ಟರು ಒಳ್ಳೆಯದಾಯಿತು ಅಂದರು; ವರದಿಯಲ್ಲಿ ಬರೆಯಲು ಅವರಿಗೂ ಜಾಗ ಕಾಣಲಿಲ್ಲ. ಆಕೆಗೆ ಮಾತ್ರ ತಪ್ಪಿಹೋದ ಏಳು ಜನರ ಹೆಸರು, ಊರು ಬಾಯಿಪಾಠ.

ಮಧ್ಯಾಹ್ನ ಎರಡಕ್ಕೆ ಸಾಲು ಕರಗಿದೆ. ಸರ್ಕಾರದಿಂದ ಏನಾದರೂ ಆಗಬೇಕಿತ್ತೇ ಎಂದರೆ ಬಡ್ತಿಯ ಮಾತಿಲ್ಲ, ವರ್ಗಾವಣೆಯ ಮಾತಿಲ್ಲ. ಮಾತ್ರೆ ಕೊಡುವ ಕಿಟಕಿಯ ಮುಂದಿನ ಖಾಲಿ ಜಾಗವನ್ನು ತೋರಿಸುತ್ತಾರೆ.

"ಇಲ್ಲೊಂದು ಬೆಂಚು ಹಾಕ್ಸಿಕೊಟ್ರೆ ಸಾಕು. ನಿಂತೋರು ಕೊಟ್ಟಿದ್ದು ಇಸ್ಕಂಡು ಹೋಗ್ತಾರೆ. ಕುಂತೋರೇ ಕೇಳೋದು."