ಕರೆಂಟು ಹೋಗಲೆಂದು ಕಾದವನು

ಕರೆಂಟು ಹೋದರೆ ಖುಷಿಪಡುವ ಮನುಷ್ಯ ಇಡೀ ಲಿಂಗಸುಗೂರಿನಲ್ಲಿ ಒಬ್ಬನೇ ಇದ್ದಾನೆ, ಅದು ನಾನು. ಫ್ಯಾನು ನಿಂತ ಕೂಡಲೇ ಓಣಿಯವರೆಲ್ಲ ಕಟ್ಟೆಗೆ ಬಂದು ಶಾಪ ಹಾಕುತ್ತ ಕೂತರೆ, ನಾನು ಮೂಲೆಯಲ್ಲಿಟ್ಟ ಯಂತ್ರವನ್ನು ಹೆಗಲಿಗೇರಿಸಿ ಪಾರ್ಕಿನ ಕಡೆಗೆ ಓಡುತ್ತೇನೆ. ಅರವತ್ತು ದಾಟಿದ, ಮೊಣಕಾಲು ನೋವಿನ ಆಸಾಮಿಯ ಓಟ ಎಂಥದ್ದಿರಬಹುದೆಂದು ನೀವೇ ಊಹಿಸಿಕೊಳ್ಳಿ. ಸಾಮಾನ್ಯವಾಗಿ ನಾನು ಪಾರ್ಕಿನ ಗೇಟು ಮುಟ್ಟುವ ಹೊತ್ತಿಗೆ ಕರೆಂಟು ಬಂದಿರುತ್ತದೆ.

ಯಂತ್ರ ಎಂದೆನಲ್ಲ, ಅದು ಮಣ್ಣಿನೊಳಗೆ ಬಿದ್ದ ಲೋಹವನ್ನು ಪತ್ತೆ ಹಚ್ಚುವ ಮೆಟಲ್ ಡಿಟೆಕ್ಟರ್. ಒಂದು ಉದ್ದನೆಯ ಕೋಲು, ಕೋಲಿನ ತುದಿಗೆ ರೊಟ್ಟಿ ಹಂಚಿನಷ್ಟು ದೊಡ್ಡ ತಟ್ಟೆ, ಕೈ ಹಿಡಿಯುವಲ್ಲಿ ಒಂದು ಸಣ್ಣ ಪೆಟ್ಟಿಗೆ. ತಟ್ಟೆಯನ್ನು ನೆಲದ ಮೇಲೆ ಕಸ ಗುಡಿಸಿದಂತೆ ಆಡಿಸುತ್ತ ಹೋದರೆ, ಕೆಳಗೆ ಲೋಹವಿದ್ದಲ್ಲಿ ಪೆಟ್ಟಿಗೆ ಕೂಗುತ್ತದೆ. ನಿವೃತ್ತಿಯ ನಂತರ ಕೆಲವರು ದೇವರ ಕಡೆಗೆ ತಿರುಗುತ್ತಾರೆ, ಕೆಲವರು ಮೊಬೈಲಿನ ಕಡೆಗೆ. ನಾನು ನೆಲದ ಕಡೆಗೆ ತಿರುಗಿದೆ. ಅದಕ್ಕೊಂದು ಹಳೆಯ ಕಾರಣವೂ ಇದೆ. ಹಟ್ಟಿಯ ಚಿನ್ನದ ಗಣಿಯಲ್ಲಿ ನಾನು ಟೈಮ್ ಆಫೀಸಿನ ಗುಮಾಸ್ತನಾಗಿದ್ದೆ. ಪ್ರತಿ ಪಾಳಿಯಲ್ಲೂ ಕೆಳಗಿಳಿಯುವವರ ಹೆಸರು ಬರೆದುಕೊಳ್ಳುವುದು, ಮೇಲೆ ಬಂದವರ ಹೆಸರಿನ ಮುಂದೆ ಗುರುತು ಹಾಕುವುದು ನನ್ನ ಕೆಲಸ. ಇಡೀ ನೌಕರಿಯನ್ನು ಚಿನ್ನದ ಮೇಲೆ ಕುರ್ಚಿ ಹಾಕಿಕೊಂಡು ಕಳೆದೆ. ಚಿನ್ನವಿದ್ದ ಕಲ್ಲು ಹೇಗಿರುತ್ತದೆಂದು ನೋಡಲೂ ಇಲ್ಲ. ಈ ಯಂತ್ರ ಮನೆಗೆ ಬಂದ ದಿನ ನನ್ನ ಹೆಂಡತಿ ಅದನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಗಣಿಯಲ್ಲಿ ಸಿಗದಿದ್ದದ್ದು ಪಾರ್ಕಿನಲ್ಲಿ ಸಿಗುತ್ತದೇನು ಎಂದು ಕೇಳಿ ಒಳಗೆ ಹೋದಳು.

ಮೊದಲ ಕೆಲವು ತಿಂಗಳು ಇದು ಬರೀ ಚಟವಾಗಿತ್ತು. ಪುರಸಭೆಯವರನ್ನು ಕೇಳಿಕೊಂಡು, ತೋಡಿದ ಕುಳಿಯನ್ನು ಮತ್ತೆ ಮುಚ್ಚುವ ಕರಾರಿನ ಮೇಲೆ, ಬೆಳಗಿನ ಹೊತ್ತು ಅಲ್ಲಿ ಇಲ್ಲಿ ಆಡಿಸುತ್ತಿದ್ದೆ. ಸೋಡಾ ಬಾಟಲಿಯ ಮುಚ್ಚಳ, ಬಾಗಿದ ಮೊಳೆ, ಒಮ್ಮೆ ಒಂದು ಬಾಗಿಲ ಚಿಲಕ ಸಿಕ್ಕವು. ಸಿಕ್ಕರೆ ನಗು, ಸಿಗದಿದ್ದರೆ ವಾಕಿಂಗು. ಹಾಗೇ ಇದ್ದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮಾಬುಬಿ ನಮ್ಮ ಬಾಗಿಲಿಗೆ ಬಂದ ದಿನದಿಂದ ಚಟ ಹೋಗಿ ಸಂಕಟ ಶುರುವಾಯಿತು.

ಮಾಬುಬಿ ನಮ್ಮ ಪಕ್ಕದ ಮನೆಯಾಕೆ. ಆಕೆಯ ಗಂಡ ಖಾಸಿಂಸಾಬ ಟೇಲರ್. ನನ್ನ ಮದುವೆಯ ಸಫಾರಿಯಿಂದ ಹಿಡಿದು ನಿವೃತ್ತಿಯ ದಿನದ ಅಂಗಿಯ ತನಕ ಹೊಲಿದವನು. ನನ್ನ ಹೊಟ್ಟೆ ಬೆಳೆದದ್ದನ್ನು ನನಗಿಂತ ಮೊದಲು ಅಳತೆಯ ಟೇಪಿನಲ್ಲಿ ಕಂಡು, ಯಾರಿಗೂ ಹೇಳದೆ ಮುಚ್ಚಿಟ್ಟ ಸ್ನೇಹಿತ. ಅವನು ತೀರಿಕೊಂಡು ವರ್ಷವಾಗಿತ್ತು. ಹೊಲಿಗೆ ಯಂತ್ರ ತಮ್ಮನ ಮನೆಗೆ ಹೋಯಿತು, ಕತ್ತರಿಯನ್ನು ಅಂಗಡಿಯ ಶಿಷ್ಯನೊಬ್ಬ ಕೇಳಿ ತೆಗೆದುಕೊಂಡ. ಮಾಬುಬಿ ತನಗೆಂದು ಉಳಿಸಿಕೊಂಡದ್ದು ಅವನ ಅಂಗುಸ್ತಾನ ಒಂದನ್ನೇ. ಕೈಹೊಲಿಗೆ ಹಾಕುವಾಗ ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕಿಕೊಳ್ಳುವ ಹಿತ್ತಾಳೆಯ ಪುಟ್ಟ ಟೊಪ್ಪಿಗೆ ಅದು. ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ತಿರುಗುತ್ತಿದ್ದಳು. ಡಾಕ್ಟರು ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಹೇಳಿದ್ದರಿಂದ ದಿನಾ ಪಾರ್ಕಿಗೆ ಬರುತ್ತಿದ್ದಳು. ಒಂದು ದಿನ ನಡೆದು ಮನೆಗೆ ಬಂದು ನೋಡಿದರೆ ಗಂಟು ಬಿಚ್ಚಿಕೊಂಡಿತ್ತು, ಅಂಗುಸ್ತಾನ ಇರಲಿಲ್ಲ. ತಾನೇ ಎರಡು ದಿನ ಹುಲ್ಲಿನಲ್ಲಿ ಕೈಯಾಡಿಸಿದಳು. ಆ ಎರಡು ದಿನದಲ್ಲೇ ಪಾರ್ಕಿಗೆ ಹೊಸ ಮಣ್ಣು ಬಂದು ಬಿತ್ತು, ಹುಲ್ಲನ್ನು ಅಗೆದು ಹಾಕಿದರು. ಮೂರನೇ ದಿನ ನಮ್ಮ ಬಾಗಿಲಿಗೆ ಬಂದು ನಿಂತಳು.

“ಅಣ್ಣಾರ, ನಿಮ್ಮ ಮಿಷನ್ನು ಹಿತ್ತಾಳಿನೂ ಹಿಡಿತೈತೇನ್ರಿ?” ಎಂದು ಕೇಳಿದಳು.

ಹಿಡಿಯುತ್ತದೆ ಎಂದೆ. ಅದು ನಿಜವೇ. ಆದರೆ ನಾನು ಅಷ್ಟಕ್ಕೇ ನಿಲ್ಲದೆ, ನಾಳೆ ಸಂಜೆಯೊಳಗೆ ನಿನ್ನ ಕೈಗೆ ತಂದು ಕೊಡುತ್ತೇನೆ ಎಂದೂ ಹೇಳಿದೆ. ಮನುಷ್ಯನ ಕೈಗೆ ಒಂದು ಯಂತ್ರ ಬಂದರೆ ಸಾಕು, ನಾಲಗೆಗೆ ತಡೆ ಇರುವುದಿಲ್ಲ.

ಆಕೆ ನಡೆಯುವ ದಾರಿ ಪಾರ್ಕಿನ ಪೂರ್ವದ ಅಂಚು. ನಾನು ಅದುವರೆಗೆ ಯಂತ್ರ ಹಿಡಿದು ಆ ಕಡೆಗೆ ಹೋಗಿರಲಿಲ್ಲ. ಯಂತ್ರ ಶುರು ಮಾಡಿ ತಟ್ಟೆಯನ್ನು ನೆಲಕ್ಕೆ ತಂದದ್ದೇ ತಡ, ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಶುರುವಾಯಿತು. ತಟ್ಟೆಯನ್ನು ಆಡಿಸಿದರೂ ಕೂಗು, ಆಡಿಸದಿದ್ದರೂ ಕೂಗು. ಆಕಾಶಕ್ಕೆ ಎತ್ತಿ ಹಿಡಿದೆ, ಅಲ್ಲೂ ಕೂಗಿತು. ಆಗ ತಲೆಯೆತ್ತಿ ನೋಡಿದೆ. ಮೂಲೆಯಲ್ಲಿ ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರು, ಅದರಿಂದ ಹೊರಟ ತಂತಿಗಳು ನನ್ನ ನೆತ್ತಿಯ ಮೇಲೇ ಹಾದುಹೋಗಿದ್ದವು. ದಾರಿಯುದ್ದಕ್ಕೂ ದೀಪದ ಕಂಬ, ಕಂಬದಿಂದ ಕಂಬಕ್ಕೆ ನೆಲದಡಿಯ ಕೇಬಲ್ಲು. ಗೋಡೆಯಾಚೆ ಕುಡಿಯುವ ನೀರಿನ ಘಟಕದ ಮೋಟಾರು, ಅದರ ಹಿಂದೆ ಮೊಬೈಲಿನ ಗೋಪುರ. ಇಷ್ಟು ವರ್ಷ ಇವೆಲ್ಲ ಕಣ್ಣೆದುರಿಗೇ ಇದ್ದರೂ ಒಂದನ್ನೂ ನೋಡಿರಲಿಲ್ಲ.

ವಿಷಯ ಇಷ್ಟೇ. ಈ ಯಂತ್ರ ನೆಲದೊಳಕ್ಕೆ ಒಂದು ಸಣ್ಣ ತರಂಗವನ್ನು ಕಳಿಸಿ, ಒಳಗಿನಿಂದ ಉತ್ತರ ಬರುತ್ತದೋ ಎಂದು ಕಿವಿಗೊಟ್ಟು ಕೂರುತ್ತದೆ. ಅಂಗುಸ್ತಾನದಂಥ ವಸ್ತುವಿನ ಉತ್ತರ ಬಹಳ ಮೆಲ್ಲಗಿರುತ್ತದೆ. ಸುತ್ತಲಿನ ಕರೆಂಟಿನ ತಂತಿಗಳೂ ತಮ್ಮ ತರಂಗಗಳನ್ನು ಎರಚುತ್ತಿರುತ್ತವೆ. ಯಾರು ಮಾತಾಡಿದರೂ ತನಗೇ ಉತ್ತರ ಕೊಟ್ಟರೆಂದು ಈ ಯಂತ್ರ ತಿಳಿದುಕೊಳ್ಳುತ್ತದೆ. ಸಂತೆಯಲ್ಲಿ ನಿಂತು ಮುದುಕಿಯ ಪಿಸುಮಾತು ಕೇಳಲು ಹೋದವನ ಪಾಡು ನನ್ನದಾಯಿತು. ಸೂಕ್ಷ್ಮತೆಯ ತಿರುಗಣೆಯನ್ನು ಕೆಳಗಿಳಿಸಿದೆ. ಗದ್ದಲ ನಿಂತಿತು. ಖುಷಿಯಾಗಿ ಪರೀಕ್ಷೆಗೆಂದು ನನ್ನ ಮನೆಯ ಬೀಗದ ಕೈಗೊಂಚಲನ್ನು ನೆಲಕ್ಕೆಸೆದು ಅದರ ಮೇಲೆ ತಟ್ಟೆಯಾಡಿಸಿದೆ. ಯಂತ್ರ ತುಟಿ ಬಿಚ್ಚಲಿಲ್ಲ. ಏರಿಸಿದರೆ ಎಲ್ಲವೂ ಕೇಳಿಸುತ್ತಿತ್ತು, ಇಳಿಸಿದರೆ ಏನೂ ಕೇಳಿಸುತ್ತಿರಲಿಲ್ಲ.

ಯಂತ್ರವೇ ಕೆಟ್ಟಿರಬಹುದೆಂಬ ಸಮಾಧಾನವೊಂದು ಉಳಿದಿತ್ತು. ಅದನ್ನೂ ಕಳೆದುಕೊಳ್ಳಲು ಸಿಂಧನೂರಿನ ಬಸ್ಸು ಹತ್ತಿ ಜವಳಗೇರಾಕ್ಕೆ ಹೋದೆ. ಅಲ್ಲಿ ನನ್ನ ಹೆಂಡತಿಯ ತಮ್ಮನ ಗದ್ದೆ ಇದೆ. ಬದುವಿನ ಮಣ್ಣಿನಲ್ಲಿ ಒಂದು ಹಿತ್ತಾಳೆಯ ನಟ್ಟು ಹೂತು ತಟ್ಟೆಯಾಡಿಸಿದರೆ, ಪುಣ್ಯಾತ್ಮ ಯಂತ್ರ ಒಂದೇ ಒಂದು ಸಲ, ಸ್ಪಷ್ಟವಾಗಿ ಟಿಂಗ್ ಎಂದಿತು. ಸುತ್ತ ಹಸಿರು ಭತ್ತ, ದೂರದಲ್ಲೊಂದು ಟ್ರ್ಯಾಕ್ಟರು, ಎಲ್ಲೂ ತಂತಿಯಿಲ್ಲ. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಯಂತ್ರ ಸರಿಯಿತ್ತು, ನಾನೂ ಸರಿಯಿದ್ದೆ. ಆದರೆ ಮಾಬುಬಿಯ ಅಂಗುಸ್ತಾನ ಜವಳಗೇರಾದಲ್ಲಿ ಬಿದ್ದಿರಲಿಲ್ಲ.

ಆಮೇಲೆ ಉಳಿದದ್ದು ಕರೆಂಟು ಹೋಗುವುದನ್ನು ಕಾಯುವುದು. ನಮ್ಮ ಕಡೆ ಅದೇನು ದೊಡ್ಡ ಮಾತೇ ಎಂದುಕೊಂಡಿದ್ದೆ. ನನಗೆ ಬೇಡವಾದಾಗ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದ ಕರೆಂಟು, ಬೇಕೆಂದ ಮೇಲೆ ಹೋದರೂ ಹತ್ತು ನಿಮಿಷಕ್ಕೆ ತಿರುಗಿ ಬರುತ್ತಿತ್ತು. ಕೊನೆಗೆ ಪರಿಚಯದ ಲೈನ್‌ಮನ್‌ನನ್ನು ಹಿಡಿದು, ನಮ್ಮ ಓಣಿಯ ಕರೆಂಟನ್ನು ಯಾವಾಗ ತೆಗೆಯುತ್ತೀರಿ ಎಂದು ಕೇಳಿದೆ. ಎಲ್ಲರೂ ಯಾವಾಗ ಕೊಡುತ್ತೀರಿ ಎಂದು ಕೇಳುವವರೇ. ಆತ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಬರುವ ಮಂಗಳವಾರ ದುರಸ್ತಿಯಿದೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಇರುವುದಿಲ್ಲ ಎಂದ. ನಾನು ಅವನಿಗೆ ಚಹಾ ಕುಡಿಸಿದೆ.

ಮಂಗಳವಾರ ಮಾಬುಬಿಯೂ ಬಂದಳು. ಬೇವಿನ ಗಿಡದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು, ಇಂಥಲ್ಲಿಂದ ಇಂಥಲ್ಲಿಯ ತನಕ ನಡೆದಿದ್ದೆ ಎಂದು ತೋರಿಸಿದಳು. ಹತ್ತಕ್ಕೆ ಸರಿಯಾಗಿ ನೀರಿನ ಘಟಕದ ಮೋಟಾರು ನಿಂತಿತು. ಯಂತ್ರ ಶುರು ಮಾಡಿದೆ. ನಿಶ್ಶಬ್ದ. ಆ ಕ್ಷಣದಲ್ಲಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತಟ್ಟೆಯನ್ನು ಒಂದು ಮಾರು ಆಡಿಸಿದೆ. ಟಿಂಗ್.

ಬಗ್ಗಿ ತೋಡಿದೆ. ಸೋಡಾ ಮುಚ್ಚಳ. ಅದರ ಪಕ್ಕಕ್ಕೆ ಗೇಣು ಸರಿದರೆ ಮತ್ತೆ ಟಿಂಗ್. ತಂತಿಯ ತುಂಡು. ಮತ್ತೆ ಟಿಂಗ್, ಹೇರ್‌ಪಿನ್ನು. ಮತ್ತೆ, ಮೊಳೆ. ಮತ್ತೆ, ಜಿಪ್ಪಿನ ಕೊಂಡಿ. ಹೊಸ ಮಣ್ಣಿನ ಜೊತೆಗೆ ಊರಿನ ಯಾವ ಹಳೆಯ ಕಟ್ಟಡದ ಕಸ ಬಂದು ಬಿದ್ದಿತ್ತೋ, ನೆಲದ ತುಂಬ ಲೋಹ. ಅದರ ಪ್ರತಿಯೊಂದು ಚೂರೂ ಈಗ ನಿಚ್ಚಳವಾಗಿ, ನಿಜವಾಗಿ, ಇಲ್ಲಿದ್ದೇನೆ ಎಂದು ಕರೆಯುತ್ತಿತ್ತು. ನಾನು ಬಗ್ಗಿದಾಗೆಲ್ಲ ಮಾಬುಬಿ ಬೆಂಚಿನಿಂದ ಏಳುತ್ತಿದ್ದಳು. ನಾನು ತಲೆಯಾಡಿಸಿದರೆ ಕೂರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಏಳುವುದನ್ನು ಬಿಟ್ಟು, ಬರೀ ಕತ್ತು ಚಾಚಿ ನೋಡುತ್ತಿದ್ದಳು. ಮೂರು ಗಂಟೆಗೆ ಅದೂ ನಿಂತಿತು. ಹಿಂದೆ ತಿರುಗಿ ನೋಡಿದೆ: ಅಷ್ಟು ಹೊತ್ತಿನಲ್ಲಿ ನಾನು ಶೋಧಿಸಿದ ಜಾಗ ಎರಡು ಹಾಸಿಗೆಯಷ್ಟು. ಪಾರ್ಕಿನ ಆ ಅಂಚು ಪೂರ್ತಿ ಮುಗಿಯಬೇಕಾದರೆ ನನಗೆ ಇನ್ನೊಂದು ನಿವೃತ್ತಿ ಬೇಕಿತ್ತು.

ನಾಲ್ಕಕ್ಕೆ ಕರೆಂಟು ಬಂತು, ಯಂತ್ರ ಮತ್ತೆ ಅರಚಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಒಳಗೊಳಗೇ ಹಾಯೆನಿಸಿತು. ಅಷ್ಟು ದಿನ ತಪ್ಪೆಲ್ಲ ತಂತಿಗಳದು ಎಂದು ಬೈಯುತ್ತಿದ್ದೆ. ಅವು ಸುಮ್ಮನಾದರೆ ಸಿಕ್ಕೇ ಸಿಗುತ್ತದೆಂಬ ಆಸೆ ಆ ಬೈಗುಳದ ಒಳಗೇ ಇತ್ತು. ಸುಮ್ಮನಾದ ಮೇಲೆ ಗೊತ್ತಾಯಿತು, ಅದು ಸಿಗುವಂಥದ್ದಲ್ಲ. ಯಂತ್ರವನ್ನು ಹೆಗಲಿಗೇರಿಸಿ ಮಾಬುಬಿಯ ಹಿಂದೆ ಮನೆಗೆ ಬಂದೆ.

ಮನುಷ್ಯನ ಕೈ ಸೋತಾಗ ತಲೆ ಕೆಟ್ಟ ದಾರಿ ಹಿಡಿಯುತ್ತದೆ. ಅದೇ ವಾರ ನಾನು ಮಸ್ಕಿಗೆ ಹೋದೆ. ಖಾಸಿಂಸಾಬ ಕೆಲಸ ಕಲಿತದ್ದು ಅಲ್ಲಿಯೇ. ಅವನ ಜೊತೆ ಕಲಿತ ಹುಸೇನಸಾಬ ಎಂಬ ಮುದುಕ ಈಗಲೂ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿದ್ದಾನೆ. ಬಸ್ಸಿನ ಕಿಟಕಿಯಿಂದ ಶಾಸನದ ಗುಡ್ಡ ಕಂಡಿತು. ಆ ಗುಡ್ಡದ ಸುತ್ತಮುತ್ತ ನನ್ನಂಥವರು ಯಂತ್ರ ತೆಗೆದುಕೊಂಡು ಹೋಗುವಂತಿಲ್ಲ, ಹೋಗಲೂಬಾರದು. ಎರಡು ಸಾವಿರ ವರ್ಷಕ್ಕೂ ಹಿಂದೆ ಬಂಡೆಯ ಮೇಲೆ ಕೊರೆದ ಮಾತು ಇವತ್ತಿಗೂ ಓದಲು ಸಿಗುತ್ತದೆ, ಮೊನ್ನೆ ಮೊನ್ನೆ ಬಿದ್ದ ಒಂದು ಅಂಗುಸ್ತಾನ ಸಿಗುವುದಿಲ್ಲ. ರಾಜರಿಗೆ ತಮ್ಮ ಮಾತನ್ನು ಬಂಡೆಗೆ ಬರೆಸುವ ಅನುಕೂಲವಿತ್ತು. ಟೇಲರ್ ಖಾಸಿಂಸಾಬನ ಹತ್ತಿರ ಇದ್ದದ್ದು ಸೀಮೆಸುಣ್ಣ; ಅವನು ಬಟ್ಟೆಯ ಮೇಲೆ ಎಳೆದ ಗೆರೆಗಳೆಲ್ಲ ಮೊದಲ ಒಗೆತಕ್ಕೇ ಹೋಗುವಂಥವು.

ಹುಸೇನಸಾಬನಿಗೆ ಎಲ್ಲವನ್ನೂ ಹೇಳಿ, ಹಳೆಯ ಅಂಗುಸ್ತಾನವೊಂದು ಬೇಕಿತ್ತು ಎಂದೆ. ಏಕೆಂದು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ತನ್ನ ಬೆರಳಿನಲ್ಲಿದ್ದುದನ್ನೇ ತೆಗೆದುಕೊಟ್ಟು, ಕೈಹೊಲಿಗೆ ಈಗ ಕಣ್ಣಿಗೆ ಕಾಣುವುದಿಲ್ಲ, ಸುಮ್ಮನೆ ರೂಢಿಗೆ ಹಾಕಿಕೊಂಡಿದ್ದೆ ಎಂದ. ಸವೆದು ಹೊಳಪಾದ, ಮೈತುಂಬ ಸೂಜಿಯ ಚುಕ್ಕೆಗಳಿದ್ದ ಅಂಗುಸ್ತಾನ. ಮನೆಗೆ ಬಂದು ಅದಕ್ಕೆ ಒಂದಿಷ್ಟು ಒದ್ದೆ ಮಣ್ಣು ಬಳಿದೆ. ಇಡೀ ನೌಕರಿಯಲ್ಲಿ ಒಂದೇ ಒಂದು ಸುಳ್ಳು ಹಾಜರಿಯನ್ನೂ ಬರೆಯದ ಗುಮಾಸ್ತ ನಾನು ಈ ಕೆಲಸ ಮಾಡಿದೆ. ಮರುದಿನ ಬೆಳಿಗ್ಗೆ ಅದನ್ನು ಮಾಬುಬಿಯ ಅಂಗೈಯಲ್ಲಿಟ್ಟು, ಸಿಕ್ಕಿತು ಎಂದೆ.

ಆಕೆ ಸೆರಗಿನಿಂದ ಮಣ್ಣು ಒರೆಸಿದಳು. ಬಾಗಿಲ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದಳು. ಮುಖ ಅರಳಿತು, ಹಾಗೇ ನಿಧಾನವಾಗಿ ಆರಿತು.

“ಇದು ಅವರ್ದಲ್ರಿ. ಅವರ್ದಕ್ಕ ಹಲ್ಲಿನ ಗುರ್ತಿತ್ತು. ಅಳತಿ ತಗೊಳ್ಳುವಾಗ ಬಾಯಾಗ ಹಿಡಿತಿದ್ರು,” ಎಂದಳು. ಅದನ್ನು ನನ್ನ ಕೈಗೆ ಮರಳಿಸಿ, “ಪಾಪ, ಯಾರೋ ನನ್ನಂಗ ಕಳ್ಕೊಂಡಾರ. ಯಾರ್ದಂತ ಕೇಳಿ ಅವರಿಗೆ ಮುಟ್ಟಸ್ರಿ ಅಣ್ಣಾರ.”

ಆಕೆ ನನ್ನನ್ನು ನಂಬಿದ್ದಳು. ಅಂಗುಸ್ತಾನ ಬೇರೆಯದೆಂದು ಗೊತ್ತಾಯಿತೇ ಹೊರತು, ನಾನು ಸುಳ್ಳು ಹೇಳಿರಬಹುದೆಂಬುದು ಹೊಳೆಯಲೇ ಇಲ್ಲ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲು ಆಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಮಸ್ಕಿ, ಹುಸೇನಸಾಬ, ಒದ್ದೆ ಮಣ್ಣು. ಮಂಗಳವಾರ ಕಂಡ ಸತ್ಯವನ್ನೂ ಹೇಳಿದೆ, ಅದು ಇನ್ನು ಸಿಗುವುದಿಲ್ಲ ಎಂದು. ಯಂತ್ರವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದೆ.

ಮಾಬುಬಿ ನನ್ನ ಕೈಯಲ್ಲಿದ್ದ ಅಂಗುಸ್ತಾನದ ಕಡೆಗೆ ಬೆರಳು ತೋರಿಸಿದಳು. ಹುಸೇನಸಾಬನಿಗೆ ಅವನದನ್ನು ತಿರುಗಿ ಕೊಟ್ಟು ಬರಬೇಕು, ಬರಿಗೈಯಲ್ಲಿ ಅವನಿಗೂ ಬೇಜಾರಾಗಿರುತ್ತದೆ ಎಂದು ಮೊದಲು ಅದನ್ನು ಹೇಳಿದಳು. ಆಮೇಲೆ ನನ್ನ ಕಡೆಗೆ ನೋಡದೆ ಅಂದಳು:

“ಸಿಗೂದಿಲ್ಲಂತ ನಂಗೂ ಗೊತ್ತೈತ್ರಿ. ಆದ್ರ ನೀವು ಹುಡುಕೋತನಕ ಅದು ಪಾರ್ಕಿನ್ಯಾಗ ಐತಿ. ನೀವು ಬಿಟ್ರಿ ಅಂದ್ರ ಅದು ಕಳೀತು.”

ಮರುದಿನ ಬೆಳಿಗ್ಗೆ ಯಂತ್ರ ತೆಗೆದುಕೊಂಡು ಪಾರ್ಕಿಗೆ ಹೋದೆ. ಕರೆಂಟು ಇತ್ತು.