ರೇಡಿಯೊದ ಹೆಂಗಸಿಗಾಗಿ ಅತ್ತದ್ದು

ನಾನು ಅಳುತ್ತಿರುವ ಒಂದು ವಿಡಿಯೊ ನಮ್ಮ ಬಂಧುಬಳಗದ ಫೋನುಗಳಲ್ಲೆಲ್ಲ ಓಡಾಡಿದೆ. ಒಂದು ನಿಮಿಷವೂ ಇಲ್ಲ. ಅದರ ಕೆಳಗೆ ಬಾಯಿ ಬಿಟ್ಟು ನಗುವ ಹಳದಿ ಮುಖಗಳನ್ನು ಯಾರೋ ಸಾಲಾಗಿ ಅಂಟಿಸಿದ್ದಾರೆ. ನೆನೆದಾಗಲೆಲ್ಲ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ. ನಲವತ್ತು ದಾಟಿದೆ. ತಲೆಯಲ್ಲಿ ಕೂದಲು ಕಡಿಮೆ. ಆದರೂ ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು ವಿಡಿಯೊ ಗೇಮ್ ಆಡುತ್ತೇನೆ, ಆಡಿದ್ದರ ವಿಮರ್ಶೆಯನ್ನು ಕನ್ನಡದಲ್ಲಿ ಮಾತಾಡಿ ಯೂಟ್ಯೂಬಿಗೆ ಹಾಕುತ್ತೇನೆ. ಬಂದೂಕಿನ ಸದ್ದು ಹೇಗಿದೆ, ಶತ್ರುಗಳಿಗೆ ಬುದ್ಧಿ ಇದೆಯೋ ಇಲ್ಲವೋ, ಕಥೆ ಹಿಡಿದು ಕೂರಿಸುತ್ತದೆಯೋ ಎಂದೆಲ್ಲ ಹೇಳಿ, ಕೊನೆಗೆ ಹತ್ತಕ್ಕೆ ಇಷ್ಟು ಅಂತ ಮಾರ್ಕು ಕೊಡುತ್ತೇನೆ. ನನ್ನ ಮಾತು ಕೇಳಿ ಆಟ ಕೊಂಡುಕೊಳ್ಳುವ ಹುಡುಗರು ಮಂಡ್ಯದಲ್ಲೂ ಹಾಸನದಲ್ಲೂ ಇದ್ದಾರೆ. ಹೆಂಡತಿಗೆ ಇದು ಗೊತ್ತಿತ್ತು. ಬೇರೆ ಯಾರಿಗೂ ನಾನಾಗಿ ಹೇಳಿಕೊಂಡಿರಲಿಲ್ಲ. ನನ್ನ ವಯಸ್ಸಿನವರು ಸೈಟು ತಗೊಳ್ಳುವ, ಮಕ್ಕಳ ಸ್ಕೂಲಿನ ಮಾತಾಡುತ್ತಿರುವಾಗ, ನಿನ್ನೆ ನಾನು ಒಂದು ಸೇತುವೆ ಹಾರಿಸಿದೆ ಅಂತ ಹೇಳುವುದು ಹೇಗೆ?

ಆ ಸಲ ನಾನು ಆರಿಸಿಕೊಂಡದ್ದು ಕಥೆಯೇ ಮುಖ್ಯವಾದ ಒಂದು ಬಂದೂಕಿನ ಆಟ. ಆಡಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಇಂಥ ಆಟದಲ್ಲಿ ನಾಯಕನ ಮುಖ ಕಾಣುವುದಿಲ್ಲ. ಪರದೆಯ ಕೆಳಗಡೆ ಎರಡು ಕೈ, ಕೈಯಲ್ಲಿ ಬಂದೂಕು. ಉಳಿದದ್ದೆಲ್ಲ ಅವನ ಕಣ್ಣಿಗೆ ಕಂಡಂತೆ ನಮಗೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಅವನ ಕೈ ನಮ್ಮ ಕೈಯೇ ಆಗಿಬಿಡುತ್ತದೆ. ಹೆಸರಿಲ್ಲದ ಒಂದು ದೇಶದಲ್ಲಿ ಯುದ್ಧ. ದಳದಿಂದ ಬೇರೆಯಾದ ಸಿಪಾಯಿಯೊಬ್ಬ ಪಾಳುಬಿದ್ದ ಪಟ್ಟಣ ದಾಟಿ ಹೊಳೆ ಸೇರಬೇಕು. ಅವನ ಕಿವಿಯಲ್ಲಿ ಒಂದು ರೇಡಿಯೊ, ರೇಡಿಯೊದಲ್ಲಿ ಒಬ್ಬ ಹೆಂಗಸು. ಹೊಳೆಯ ಪಕ್ಕದ ಗೋಪುರದ ಮೇಲೆ ಕೂತು ದಾರಿ ಹೇಳುತ್ತಾಳೆ. ಎಡಕ್ಕೆ ಹೋಗು, ಆ ಗೋಡೆ ಹಿಂದೆ ಇಬ್ಬರಿದ್ದಾರೆ, ಈಗ ಕೂತುಕೊ, ನೀರು ಕುಡಿದೆಯಾ? ಆಟದುದ್ದಕ್ಕೂ ಅವಳ ಧ್ವನಿಯೇ. ಮಧ್ಯದಲ್ಲಿ ಇನ್ನೊಬ್ಬ ಸಿಪಾಯಿ ಜೊತೆಯಾಗುತ್ತಾನೆ. ಅವನು ಗೋಪುರದ ಕಡೆಯಿಂದಲೇ ಬಂದವನು. ಹೆಚ್ಚು ಮಾತಾಡುವುದಿಲ್ಲ.

ಕೊನೆಯಲ್ಲಿ ಗೋಪುರ ಹತ್ತಿದರೆ ಅವಳು ಮೈಕಿನ ಮುಂದೆ ಸತ್ತು ಕೂತಿದ್ದಾಳೆ. ಶುರುವಿನಲ್ಲೇ ಅವಳ ಹೊಟ್ಟೆಗೆ ಗುಂಡು ಬಿದ್ದಿತ್ತು. ನೋವು ಕೇಳಿಸದ ಹಾಗೆ ಅಷ್ಟು ದೂರ ನನಗೆ ದಾರಿ ಹೇಳಿದ್ದಳು. ಜೊತೆಯಲ್ಲಿದ್ದವನು ತಲೆ ತಗ್ಗಿಸಿ, ನನಗೆ ಗೊತ್ತಿತ್ತು, ಹೇಳಬೇಡ ಅಂತ ಮಾತು ತಗೊಂಡಿದ್ದಳು, ಅನ್ನುತ್ತಾನೆ.

ನನಗೆ ಅಳು ಬಂತು. ಕಣ್ಣು ಒದ್ದೆಯಾದದ್ದಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ಆಡುವಾಗ ಪರದೆಯ ಮೂಲೆಯಲ್ಲಿ ನನ್ನ ಮುಖವೂ ರೆಕಾರ್ಡ್ ಆಗುತ್ತಿತ್ತು.

ಅಲ್ಲಿಗೆ ಬಿಟ್ಟಿದ್ದರೆ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಮಾರನೆಯ ದಿನ ಎಡಿಟ್ ಮಾಡಲು ಕೂತಾಗ ಆ ಭಾಗ ನೋಡಿದೆ. ಮೂಗು ಒರೆಸಿಕೊಳ್ಳುವುದು, ಹೆಡ್‌ಫೋನ್ ತೆಗೆಯುವುದು, ತುಟಿ ಸೊಟ್ಟಗಾಗುವುದು. ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ. ಜನ ಇದನ್ನು ನೋಡುತ್ತಾರೆ ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಅಷ್ಟೇ ಅಲ್ಲ, ಅಳುವ ಕಡೆ ಹಿಂದೆ ಮೆಲ್ಲಗೆ ಪಿಟೀಲು ಸೇರಿಸಿದೆ. ಅದಾದ ಮೇಲೆ ಮುಖ ತೊಳೆದುಕೊಂಡು ಬಂದು ವಿಮರ್ಶೆಯ ಭಾಗ ಮಾತಾಡಿದೆ. ಬಂದೂಕಿಗೆ ಒಳ್ಳೆ ತೂಕವಿದೆ, ಶತ್ರುಗಳು ದಡ್ಡರು, ಹೆಂಗಸಿನ ಧ್ವನಿಗೆ ನೂರಕ್ಕೆ ನೂರು ಎಂದೆ. ಆಮೇಲೆ ಆ ಜೊತೆಗಾರನ ಮೇಲೆ ಬಿದ್ದೆ. "ಇವನದು ಮೋಸ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಡೆದನಲ್ಲ, ಇವನು ಮನುಷ್ಯನಾ? ಹೇಳಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಅವಳ ಹತ್ತಿರ ಬೇಗ ಹೋಗುತ್ತಿದ್ದೆ. ಇಂಥ ಪಾತ್ರ ಬರೆದದ್ದಕ್ಕೆ ಎರಡು ಮಾರ್ಕು ಕಟ್," ಎಂದು ಮೇಜು ಕುಟ್ಟಿದೆ.

ವಿಡಿಯೊ ಚೆನ್ನಾಗಿಯೇ ಓಡಿತು. ಹೆಂಡತಿ ನೋಡಿ, "ಅಳೋದನ್ನ ತೆಗೀಬೋದಿತ್ತಲ್ವಾ?" ಎಂದಳು. ನಿಜವಾದ ಭಾವನೆ ಯಾಕೆ ಮುಚ್ಚಿಡಬೇಕು ಅಂತ ದೊಡ್ಡ ಮಾತಾಡಿದೆ. ಅವಳು ಅಡುಗೆಮನೆಗೆ ಹೋದಳು.

ಅದು ಹೇಗೋ ನಮ್ಮ ದೊಡ್ಡಪ್ಪನ ಮಗನ ಕಣ್ಣಿಗೆ ಬಿತ್ತು. ಅಳುವಷ್ಟನ್ನೇ ಕತ್ತರಿಸಿ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದ. "ಗೇಮಲ್ಲಿ ಬೊಂಬೆ ಸತ್ತೋಗಿದ್ದಕ್ಕೆ ನಮ್ ಅಣ್ಣನ ಗೋಳು ನೋಡ್ರಪ್ಪೋ" ಅಂತ ಮೇಲೆ ಬರೆದಿದ್ದ. ನಗುವ ಮುಖಗಳು ಬಂದವು. ಕವಲಂದೆಯ ಚಿಕ್ಕಮ್ಮ ಮಾತ್ರ ನಗುವ ಮುಖ ಹಾಕಲಿಲ್ಲ. ಒಂದು ಧ್ವನಿಮುದ್ರಿಕೆ ಕಳಿಸಿದರು. "ಅವ್ವ ಓದಾಗ ಒಂದ್ ತೊಟ್ಟು ಕಣ್ಣೀರ್ ಆಕ್ನಿಲ್ಲ ನೀನು. ಯಾವಳೋ ಬೊಂಬೆಗೆ ಇಂಗ್ ಅಳ್ತಿದ್ದೀಯಲ್ಲ ಮಗಾ."

ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ. ಹಿಂದಿನ ವರ್ಷ ಅವ್ವ ತೀರಿಕೊಂಡಾಗ ನಾನು ಅತ್ತಿರಲಿಲ್ಲ. ಅವ್ವ ಟಿ. ನರಸೀಪುರದಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಳು. ಇದ್ದಕ್ಕಿದ್ದ ಹಾಗೆ ಆಯಿತು ಅಂತ ಅಕ್ಕ ಫೋನ್ ಮಾಡಿದಳು. ಹೋದೆ. ಶಾಮಿಯಾನಕ್ಕೆ ಹೇಳುವುದು, ಅಯ್ಯನವರನ್ನು ಕರೆತರುವುದು, ಗದ್ದೆಯ ಪಕ್ಕ ಗುಣಿ ತೋಡಿಸುವುದು, ಬಂದವರಿಗೆ ಕುರ್ಚಿ, ಕಾಫಿ. ಅವ್ವ ತುಂಬ ಇಳಿದುಹೋಗಿದ್ದಳು, ವಯಸ್ಸು ಅಂದುಕೊಂಡೆ. ಅವಳನ್ನು ಕೂರಿಸಿ ವಿಭೂತಿ ಹಚ್ಚಿದಾಗಲೂ ನನ್ನ ಕಣ್ಣು ಒಣಗಿಯೇ ಇತ್ತು. ಗಂಡುಮಗ ಗಟ್ಟಿ ಅಂತ ಕೆಲವರು ಹೊಗಳಿದರು. ಕಲ್ಲು ಅಂತ ಕೆಲವರು ಅಂದದ್ದೂ ಕಿವಿಗೆ ಬಿದ್ದಿತ್ತು.

ಚಿಕ್ಕಮ್ಮನ ಮಾತು ಕೇಳಿದ ಮೇಲೆ ಫೋನನ್ನು ಮಗುಚಿಟ್ಟೆ. ಮಾರನೆಯ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಆ ತುಣುಕು ನೋಡಿದ್ದ ಪ್ಯಾಕಿಂಗ್ ವಿಭಾಗದವನೊಬ್ಬ ತಟ್ಟೆ ಹಿಡಿದು ಎದುರಿಗೆ ಕೂತು, "ಸಾ, ಬೊಂಬೆ ತಿಥಿ ಯಾವಾಗ್ ಸಾ? ನಮ್ಮನ್ನೂ ಕರೀರಿ" ಎಂದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಎದ್ದೆ.

ಅಕ್ಕನಿಂದ ಮಾತ್ರ ಸದ್ದಿರಲಿಲ್ಲ. ಅವಳು ಪ್ರೈಮರಿ ಶಾಲೆಯ ಮೇಡಮ್ಮು, ನನಗಿಂತ ಸಾಕಷ್ಟು ದೊಡ್ಡವಳು. ಗುಂಪಿನಲ್ಲಿ ಏನೇ ಬಂದರೂ ಉತ್ತರ ಕೊಡುವವಳು. ವಾರದ ಕೊನೆಗೆ ನನಗೊಬ್ಬನಿಗೇ ಒಂದು ಮೆಸೇಜು ಬಂತು. "ಭಾನುವಾರ ಬಾ. ಆ ಆಟವನ್ನೂ ತೆಗೆದುಕೊಂಡು ಬಾ." ಪೂರ್ಣವಿರಾಮಗಳೆಲ್ಲ ಸರಿಯಾಗಿದ್ದವು.

ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಅಕ್ಕ ಏನು ಬೈಯಬಹುದು, ನಾನು ಏನು ಹೇಳಬಹುದು ಅಂತ ಯೋಚನೆ ಮಾಡಿದೆ. ಅವ್ವನಿಗೆ ಅಳದವನು ಆಟಕ್ಕೆ ಯಾಕೆ ಅತ್ತೆ ಅಂತ ಕೇಳಿಯೇ ಕೇಳುತ್ತಾಳೆ ಅಂದುಕೊಂಡೆ.

ಅಕ್ಕ ಬೈಯಲಿಲ್ಲ. ಬಾಗಿಲಲ್ಲೇ, "ಬಾ, ಕೈಕಾಲ್ ತೊಳ್ಕೊ" ಎಂದಳು. ಭಾವ ಗದ್ದೆಗೆ ಹೋಗಿದ್ದರು. ಮುದ್ದೆ, ಅವರೆಕಾಳಿನ ಉಪ್ಸಾರು ಮಾಡಿದ್ದಳು. ಊಟ ಆಗುವವರೆಗೆ ನನ್ನ ಹೆಂಡತಿಯ ಆರೋಗ್ಯ, ಅಕ್ಕನ ಶಾಲೆಗೆ ಬಂದ ಹೊಸ ಹೆಡ್ಮಾಸ್ಟ್ರು, ಇಷ್ಟೇ ಮಾತು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ನಡುಮನೆಯಲ್ಲಿ ಅವ್ವನ ಫೋಟೊದ ಕೆಳಗೆ ಚಾಪೆ ಹಾಸಿ ಕೂತಳು.

"ತೋರ್ಸು."

"ಏನಕ್ಕ ತೋರ್ಸೋದು? ಬಂದೂಕಿನ ಆಟ."

"ಅದೇ ತೋರ್ಸು. ನೀನು ಅತ್ತಿದ್ದು ನೋಡಾಯ್ತು. ಯಾಕ್ ಅತ್ತೆ ಅಂತ ನೋಡ್ಬೇಕು."

ಕೊನೆಯ ಹಂತ ತೆರೆದೆ. ಒಂದು ಸಲ ತಾನೇ ಆಡಬೇಕು ಅಂದಳು. ಕೊಟ್ಟೆ. ಅವಳ ಸಿಪಾಯಿ ಆಕಾಶ ನೋಡಿದ, ತನ್ನ ಕಾಲು ನೋಡಿದ, ಗೋಡೆಗೆ ಮುಖ ಒತ್ತಿಕೊಂಡು ನಿಂತ. "ತಲೆ ತಿರುಗ್ತದೆ, ನೀನೇ ಆಡು" ಅಂತ ನನಗೇ ಕೊಟ್ಟಳು. ಗೋಪುರದ ಬುಡಕ್ಕೆ ಹೋಗಬೇಕಾದರೆ ಕಾವಲಿನವರನ್ನು ಕೊಲ್ಲಲೇಬೇಕು. ಮನೆಯಲ್ಲಿ ಒಬ್ಬನೇ ಕೂತು ಆಡುವಾಗ ಕಾಣದ್ದು ಅಲ್ಲಿ ಕಂಡಿತು. ಗುಂಡು ತಗುಲಿದವರು ಮೆಟ್ಟಿಲ ಮೇಲೆ ಉರುಳುತ್ತಿದ್ದರು, ಮೇಲೆ ಗೋಡೆಯಲ್ಲಿ ಅವ್ವ ನೋಡುತ್ತಿದ್ದಳು.

"ಅವ್ನೇನ್ ಮಾಡಿದ್ದ?" ಅಕ್ಕ ಕೇಳಿದಳು.

"ಶತ್ರು ಕಣಕ್ಕ."

"ಓಡೋಗ್ತಿದ್ನಲ್ಲ, ಪಾಪ."

ನಾನು ಸದ್ದು ತಗ್ಗಿಸಿದೆ. ಗೋಪುರ ಹತ್ತಿದೆ. ಹೆಂಗಸು ಮೈಕಿನ ಮುಂದೆ ಕೂತಿದ್ದಳು. ಹಾಡುಹಗಲಿನ ಬೆಳಕಿನಲ್ಲಿ ಲ್ಯಾಪ್‌ಟಾಪಿನ ಪರದೆ ಮಬ್ಬಾಗಿ, ಅವಳ ಮುಖ ನಿಜಕ್ಕೂ ಬೊಂಬೆಯ ಮುಖದ ಹಾಗೆ ನುಣ್ಣಗೆ ಕಾಣುತ್ತಿತ್ತು. ಜೊತೆಗಾರ ಇಂಗ್ಲಿಷಿನಲ್ಲಿ ತನ್ನ ಮಾತು ಹೇಳಿದ. ಅಕ್ಕನಿಗೆ ಅವನ ಉಚ್ಚಾರ ಹಿಡಿಯಲಿಲ್ಲವೇನೋ ಅಂತ ಕನ್ನಡದಲ್ಲಿ ಹೇಳಹೋದೆ. "ಗೊತ್ತಾಯ್ತು. ನಿನ್ ಪೂರ್ತಿ ವಿಡಿಯೋ ಹುಡ್ಕಿ ನೋಡಿದ್ದೀನಿ, ಅದ್ರಲ್ಲೇ ಹೇಳಿದ್ಯಲ್ಲ," ಎಂದಳು.

ಆಟ ಮುಗಿದು ಹೆಸರುಗಳು ಓಡತೊಡಗಿದವು. ಅಕ್ಕ ಅವನ್ನೇ ನೋಡುತ್ತಾ ಕೇಳಿದಳು. "ಅವುನ್ಗೆ ಎರಡು ಮಾರ್ಕ್ ಕಟ್ ಮಾಡ್ದೆ. ನಂಗೆಷ್ಟ್ ಕಟ್ ಮಾಡ್ತೀಯ?"

ನನಗೆ ಅರ್ಥವಾಗಲಿಲ್ಲ. "ನಿಂಗ್ಯಾಕಕ್ಕ?"

"ಆ ಮಾತ್ನ ನಂಗೇ ಬೇಕಂತ್ಲೇ ಹೇಳ್ದೆ ಅಂದ್ಕಂಡಿದ್ದೆ. ವಾರ್ವೆಲ್ಲಾ ನಿದ್ದೆ ಬರ್ಲಿಲ್ಲ ನಂಗೆ. ಹೆಂಗೋ ಗೊತ್ತಾಗ್ಬುಟ್ಟದೆ ಇವ್ನಿಗೆ, ಮುಖ ನೋಡಿ ಬಯ್ಯಕ್ಕಾಗ್ದೆ ಹಿಂಗ್ ಬಯ್ದವ್ನೆ ಅಂತ." ಅವಳು ನನ್ನ ಕಡೆ ತಿರುಗಿದಳು. "ಅವ್ವುಂದು ಇದ್ದಕ್ಕಿದ್ದಂಗ್ ಆಗಿದ್ದಲ್ಲ ಕಣೋ. ಆರೇಳ್ ತಿಂಗ್ಳು ಹಾಸ್ಗೆ ಬಿಟ್ ಎದ್ದಿದ್ರೆ ಕೇಳು. ಲಿವರ್ರು. ಡಾಕ್ಟ್ರು ಮೊದಲ್ನೇ ದಿನ್ವೇ ಕೈ ಚೆಲ್ಲಿದ್ರು. ನಾನು, ನಿಮ್ ಭಾವ ಬಿಟ್ರೆ ಯಾರ್ಗೂ ಗೊತ್ತಿರ್ಲಿಲ್ಲ."

ಆ ತಿಂಗಳುಗಳಲ್ಲಿ ಅವ್ವ ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಇದ್ದಳು. ಗ್ಯಾಸ್ಟಿಕ್ಕು ಅಂತ ಒಂದೆರಡು ಸಲ ಅಂದಿದ್ದಳು, ಅಷ್ಟೇ. ನಾನು ಬರುತ್ತೇನೆ ಅಂದರೆ, ಭತ್ತದ ಕೆಲಸ ನಡೀತಿದೆ, ಮನೆ ತುಂಬ ಆಳುಗಳು, ಆಮೇಲೆ ಬಾ, ಅನ್ನುತ್ತಿದ್ದಳು. ಅದೇ ವರ್ಷ ನನ್ನ ಹೆಂಡತಿಗೆ ಹೊಟ್ಟೆಯಲ್ಲೇ ಮಗು ಹೋಗಿತ್ತು. ಅವಳು ಮಾತೇ ನಿಲ್ಲಿಸಿಬಿಟ್ಟಿದ್ದಳು. ನಾನು ರಜೆ ಹಾಕಿ ಮನೆಯಲ್ಲೇ ಇರುತ್ತಿದ್ದೆ.

"ಅದುಕ್ಕೇ ಅವ್ವ ನನ್ ಕೈ ಹಿಡ್ಕಂಡ್ಳು," ಅಕ್ಕ ಹೇಳಿದಳು. "ಅವುನ್ಗೆ ಏಳ್ಬ್ಯಾಡ ಕಣವ್ವ, ಅವ್ರ ನೋವೇ ಅವ್ರಿಗೆ ಸಾಕಾಗ್ಬುಟ್ಟದೆ. ಮಗು ಕಳ್ಕಂಡಿರೋಳು, ಅವಳ ಪಕ್ಕದಾಗೇ ಇರ್ಲಿ ಅವ್ನು. ಇಲ್ಲಿಗ್ ಬಂದು ನನ್ ಮಲ ಬಳ್ಯದು ಬ್ಯಾಡ, ಅಂದ್ಳು. ನಾನೇನ್ ಮಾಡ್ಲಿ? ನಿನ್ ಫೋನ್ ಬಂದಾಗ್ಲೆಲ್ಲ ಬೆನ್ನಿಗೆ ದಿಂಬು ಕೊಟ್ಟು ಕೂರಿಸ್ತಿದ್ದೆ. ಮಲಗಿದ್ರೆ ಧ್ವನಿ ನಡುಗ್ತದೆ, ಅವುನ್ಗೆ ಗೊತ್ತಾಯ್ತದೆ ಅಂತಿದ್ಳು."

ಅವ್ವ ಹೋದ ಮೇಲೆ ಇವಳು ಇಷ್ಟನ್ನೂ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ನಾನು ಸಾವಿರಾರು ಜನರ ಮುಂದೆ ಮೇಜು ಕುಟ್ಟಿ ಇವನು ಮನುಷ್ಯನಾ ಅಂತ ಕೇಳಿದ್ದೆ. ನಾನು ಕೇಳಿದ್ದು ಆಟದವನನ್ನು. ಆದರೆ ಅದನ್ನು ಕೇಳಿಸಿಕೊಂಡವಳು ಇಲ್ಲಿ ಮಕ್ಕಳ ಹಾಜರಿ ಕೂಗುತ್ತಾ, ಅಡುಗೆ ಮಾಡುತ್ತಾ ವಾರವಿಡೀ ತನಗೇ ಅಂದುಕೊಂಡು ಅನುಭವಿಸಿದ್ದಳು. ಅದರ ಹಿಂದೆ ಪಿಟೀಲು ಬೇರೆ ನುಡಿಸಿದ್ದೆ.

"ನಂಗೇನೂ ಗೊತ್ತಿರ್ಲಿಲ್ಲ ಕಣಕ್ಕ. ನಿನ್ನಾಣೆ. ಆಟದ ಬಗ್ಗೆ ಹೇಳಿದ್ದಷ್ಟೇ."

"ಈಗ್ ಗೊತ್ತಾಯ್ತು ಬಿಡು. ನಿನ್ ಮುಖ ನೋಡಿದ್ರೇ ಗೊತ್ತಾಯ್ತದೆ."

"ಹೇಳಿದ್ರೆ ನಾನ್ ಬರ್ತಿದ್ದೆ."

"ಬರ್ತಿದ್ದೆ. ಮೈಸೂರಿನ ದೊಡ್ಡಾಸ್ಪತ್ರೆಗೆ ಹೊತ್ಕಂಡ್ ಹೋಗ್ತಿದ್ದೆ. ಮೂಗಿಗೆ ಬಾಯಿಗೆ ಪೈಪ್ ಹಾಕಿಸ್ತಿದ್ದೆ. ಅವ್ವುನ್ಗೆ ಅದೇ ಬ್ಯಾಡಾಗಿತ್ತು." ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿ, "ತಪ್ಪೋ ಸರಿಯೋ ನಂಗಿನ್ನೂ ಗೊತ್ತಿಲ್ಲ. ನಿಂಗೆ ಬಯ್ಯಬೇಕು ಅನ್ಸಿದ್ರೆ ಬಯ್ಯಿ. ಎದುರ್ಗೇ ಬಯ್ಯಿ," ಎಂದಳು.

ಬಯ್ಯುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅಳುವೂ ಬರಲಿಲ್ಲ. ಇಷ್ಟು ಕೇಳಿಯೂ ಕಣ್ಣು ಒಣಗಿಯೇ ಇದೆಯಲ್ಲ ಅಂತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಕ್ಕನಿಗೆ ಅದೂ ಕಂಡಿರಬೇಕು. "ಅಳ್ಲೇಬೇಕು ಅಂತ ಯಾರಾದ್ರೂ ಹೇಳಿದ್ರಾ? ಸುಮ್ನಿರು," ಅಂತ ಕಾಫಿ ಇಡಲು ಎದ್ದಳು. ಒಳಗೆ ಪಾತ್ರೆಯ ಸದ್ದಿನ ನಡುವೆ ಅವಳು ಮೂಗು ಸೀಟಿದ್ದು ಕೇಳಿಸಿತು.

ಆ ಮಧ್ಯಾಹ್ನವೆಲ್ಲ ಅವಳು ಹೇಳಿದಳು, ನಾನು ಕೇಳಿದೆ. ಅವ್ವ ಕೊನೆಕೊನೆಗೆ ಏನು ತಿನ್ನಬೇಕು ಅಂತ ಆಸೆಪಟ್ಟಳು, ಯಾರ ಮೇಲೆ ರೇಗಿದಳು, ಭಾವ ಅವಳನ್ನು ಮಗುವಿನ ಹಾಗೆ ಎತ್ತಿಕೊಂಡು ಬಿಸಿಲಿಗೆ ಕೂರಿಸುತ್ತಿದ್ದದ್ದು. ಒಂದು ದಿನ ಅವ್ವ, ನಾನು ಚಿಕ್ಕವನಿದ್ದಾಗ ಸಂಗಮದ ಮೆಟ್ಟಿಲಲ್ಲಿ ಜಾರಿ ಬಿದ್ದದ್ದನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಆಮೇಲೆ ನಕ್ಕಿದ್ದಕ್ಕೆ ನೋವಾಗಿ ಅಕ್ಕನಿಗೇ ಬೈದಳಂತೆ. ನಾನು ನಕ್ಕೆ. ಅಕ್ಕನೂ ನಕ್ಕಳು.

ಹೊರಡುವಾಗ ಅವಳು ಉಪ್ಪಿನಕಾಯಿ ಬಾಟಲಿ ಕೊಟ್ಟು, "ನಿನ್ ಹೆಂಡ್ತಿಗೆ ಹೇಳ್ಬ್ಯಾಡ, ಮಗು ವಿಷ್ಯುಕ್ಕೆ ಹಿಂಗಾಯ್ತು ಅಂತ. ಮನಸ್ಸಿಗೆ ಹಚ್ಕತಾಳೆ," ಎಂದಳು. ನಾನು ತಲೆಯಾಡಿಸಿದೆ. ಬಸ್ಸು ಹತ್ತಿದ ಮೇಲಷ್ಟೇ ಹೊಳೆಯಿತು, ಈಗ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಒಬ್ಬಳ ಪಕ್ಕದಲ್ಲಿ ಬದುಕಬೇಕಾದವನು ನಾನೇ ಅಂತ.

ಮುಚ್ಚಿಡಲು ನನ್ನಿಂದ ಆಗಲಿಲ್ಲ. ಸ್ವಲ್ಪ ದಿನದಲ್ಲೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಅತ್ತಳು. ಮಾರನೆಯ ದಿನ ಅವಳೇ ಅಕ್ಕನಿಗೆ ಫೋನ್ ಮಾಡಿದಳು. ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಬಾಗಿಲು ಹಾಕಿಕೊಂಡಿದ್ದಳು.

ಅಷ್ಟರಲ್ಲಿ ಆ ವಿಡಿಯೊ ತೆಗೆದುಹಾಕಿದ್ದೆ. ಅದಕ್ಕೆ ಮೊದಲು, ಜೊತೆಗಾರನ ವಿಷಯದಲ್ಲಿ ನಾನು ಹೇಳಿದ್ದು ತಪ್ಪು ಅಂತ ಇನ್ನೊಂದು ವಿಡಿಯೊ ಮಾಡಲು ಪ್ರಯತ್ನಪಟ್ಟೆ. ಕ್ಯಾಮೆರಾ ಎದುರು ಕೂತ ತಕ್ಷಣ ಧ್ವನಿ ತಾನಾಗಿಯೇ ಗದ್ಗದವಾಗುತ್ತಿತ್ತು. ನಿಲ್ಲಿಸಿ, ಮತ್ತೆ ಶುರುಮಾಡಿದರೆ ಮತ್ತೆ ಅದೇ. ನೋಡುವವರಿದ್ದಾರೆ ಅಂತ ಗೊತ್ತಾದರೆ ಸಾಕು, ನನಗೆ ಅಳು ಎಷ್ಟು ಸಲೀಸಾಗಿ ಬರುತ್ತದೆ ಅಂತ ನೋಡಿ ನಾಚಿಕೆಯಾಯಿತು. ಕೈಬಿಟ್ಟೆ. ವಿಡಿಯೊ ಎಲ್ಲಿ ಹೋಯಿತು ಅಂತ ಹುಡುಗರು ಕೇಳಿದಾಗ ತಾಂತ್ರಿಕ ತೊಂದರೆ ಅಂತ ಬರೆದೆ. ಕತ್ತರಿಸಿದ ತುಣುಕು ಮಾತ್ರ ಇನ್ನೂ ಓಡಾಡುತ್ತಿದೆ. ಮೊನ್ನೆ ಬದನವಾಳಿನಲ್ಲಿ ಒಂದು ಮದುವೆಗೆ ಹೋಗಿದ್ದಾಗ, ಗುರುತಿಲ್ಲದವರೊಬ್ಬರು ನನ್ನನ್ನೇ ದಿಟ್ಟಿಸಿ ನೋಡಿ, ನಗು ತಡೆದುಕೊಂಡು ಆ ಕಡೆ ತಿರುಗಿದರು. ನಾನು ಎಲೆಯ ಮೇಲಿದ್ದ ಪಾಯಸಕ್ಕೆ ಕೈ ಹಾಕಿದೆ.