ಪೆನ್ಸಿಲ್ಲಿನ ಕೆಳಗಿದ್ದ ಮುಖ

ನಾವಿದ್ದ ಪಿಸ್ಕಾಟವೇಯಿಂದ ಹ್ಯಾರಿಸನ್‌ಗೆ ಸುಮಾರು ಇಪ್ಪತ್ತೈದು ಮೈಲಿ. ಎಪ್ಪತ್ತಮೂರರ ಮಾರ್ಚ್‌ನ ಒಂದು ಭಾನುವಾರ ಬೆಳಗ್ಗೆ ಹೊರಟೆವು. ಕಾರು ಧಾರವಾಡದ ಗೆಳೆಯ ಪಾಟೀಲನದು, ಹೀಟರ್ ಕೆಟ್ಟಿತ್ತು. ಹಿಂದಿನ ಸೀಟಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಇಲೋನಾ ಕಂಬಳಿ ಹೊದ್ದು ಕುಳಿತಿದ್ದರು. ಹಂಗೆರಿಯಿಂದ ಓಡಿ ಬಂದವರು. ಅಲ್ಲಿ ಶಾಲೆಯ ಟೀಚರ್ ಆಗಿದ್ದರು. ಮಡಿಲಲ್ಲಿ ಒಂದು ಲಕೋಟೆ.

"ಏನಲೇ, ಮುದುಕಿ ಲಕೋಟೀನ ಕೂಸಿನಂಗ ಹಿಡಕೊಂಡಾಳ? ಆಸ್ತಿ ಪತ್ರ ಏನು?" ಎಂದ ಪಾಟೀಲ.

"ಸುಮ್ನೆ ಡ್ರೈವ್ ಮಾಡೋ," ಎಂದೆ.

ಲಕೋಟೆಯ ವಿಷಯ ನನಗೆ ತಿಳಿದದ್ದೂ ಹಿಂದಿನ ವಾರವೇ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಕಾಲೇಜಿನ ಗ್ರೂಪ್ ಫೋಟೋವನ್ನು ಸಮುದ್ರ ದಾಟಿಸಿ ತಂದು ಗೋಡೆಗೆ ಹಾಕಿದ್ದೆ. ಇಲೋನಾ ಒಂದೊಂದು ಮುಖದ ಮೇಲೂ ಬೆರಳಾಡಿಸಿ, "ಯಾರನ್ನೂ ಅಳಿಸಿಲ್ಲವಲ್ಲ?" ಎಂದರು.

"ನಮ್ಮಲ್ಲಿ ಫೇಲಾದವರನ್ನೂ ಅಳಿಸೋದಿಲ್ಲ," ಎಂದು ನಕ್ಕೆ.

ಅವರು ನಗಲಿಲ್ಲ. ಆ ಲಕೋಟೆ ತಂದು, ಅದರಿಂದ ತಮ್ಮ ಶಾಲೆಯ ಫೋಟೋ ತೆಗೆದು ತೋರಿಸಿದರು. ಇಲೋನಾರೂ ಸೇರಿ ಹನ್ನೊಂದು ಜನ ಮೇಷ್ಟ್ರುಗಳು. ಮೂರು ಕಡೆ ಮುಖವಿರಬೇಕಾದಲ್ಲಿ ಕಪ್ಪು ಮಸಿ. ನಡುವಿನದು ಅವರ ಗಂಡ.

ಕಮ್ಯುನಿಸ್ಟ್ ಪಕ್ಷದ ಸರ್ಕಾರ ತನ್ನವರನ್ನೇ ದ್ರೋಹಿಗಳೆಂದು ಹಿಡಿದೊಯ್ಯುತ್ತಿದ್ದ ಕಾಲವಂತೆ ಅದು. ಹಾಗೆ ಸೆರೆಯಾದವರ ಮುಖ ಮನೆಯ ಫೋಟೋದಲ್ಲಿ ಸಿಕ್ಕಿದರೆ ಮನೆಯವರಿಗೂ ಅದೇ ಗತಿ. ಮುಖ ಅಳಿಸುವುದು ಮನೆಮನೆಯ ಕೆಲಸವಾಗಿತ್ತು. ಗಂಡ ಮರಳಲಿಲ್ಲ. "ಅವನ ಕೆಮ್ಮು ನೆನಪಿದೆ, ಕೈ ನೆನಪಿದೆ. ಮುಖ ನೆನೆದರೆ ನನ್ನ ಮಸಿಯೇ ಬರುತ್ತದೆ," ಎಂದರು. ಅದೇ ಶಾಲೆಯ ಫೆರೆಂಟ್ಸ್ ಮೇಷ್ಟ್ರು ಈಗ ಮಗಳ ಜೊತೆ ಹ್ಯಾರಿಸನ್‌ನಲ್ಲಿದ್ದಾರೆ, ಆ ಫೋಟೋ ಅವರಲ್ಲೂ ಇದೆ ಎಂದು ಚರ್ಚಿನಲ್ಲಿ ಯಾರೋ ಹೇಳಿದ್ದರು. ಆ ಮುಖವನ್ನು ಇನ್ನೊಮ್ಮೆ ನೋಡಬೇಕು, ಅಷ್ಟೇ ಅವರಿಗೆ ಬೇಕಾದದ್ದು.

ವುಡ್‌ಬ್ರಿಡ್ಜ್‌ನಲ್ಲಿ ಟರ್ನ್‌ಪೈಕ್ ಹೆದ್ದಾರಿ ಹತ್ತಿದೊಡನೆ ಮಂಜು ಕವಿಯಿತು. ಎಣ್ಣೆ ಟ್ಯಾಂಕುಗಳು ಬೆಳ್ಳಗೆ ತೇಲಿ ಬಂದವು, ತೇಲಿ ಹೋದವು. ಎಲ್ಲೋ ಮೇಲೆ ಎಣ್ಣೆ ಕಾರ್ಖಾನೆಯ ಬೆಂಕಿಯೊಂದು ಕೊಳವೆಯೇ ಕಾಣದೆ ಉರಿಯುತ್ತಿತ್ತು. ರಸ್ತೆ ನಮ್ಮ ಕೆಳಗೆ ಹರಿಯುತ್ತಿದೆ, ನಾವು ನಿಂತೇ ಇದ್ದೇವೆ ಅನ್ನಿಸಿತು.

ಫೆರೆಂಟ್ಸ್ ಮಹಡಿಯ ಮನೆಯಲ್ಲಿದ್ದರು. ಇಲೋನಾರ ಕೈಗೆ ಮುತ್ತಿಟ್ಟು, ನಮಗೆ ಕೆಂಪು ಮೆಣಸಿನಪುಡಿಯ ಬಿಸಿ ಸೂಪು, ಬ್ರೆಡ್ಡು ಕೊಟ್ಟು, ಬಿಸ್ಕತ್ತಿನ ಡಬ್ಬಿಯಿಂದ ಫೋಟೋ ತೆಗೆದರು. ಅದರಲ್ಲೂ ಕಪ್ಪು. ಮೂರಲ್ಲ, ನಾಲ್ಕು.

ಇಲೋನಾ ತಮ್ಮ ಫೋಟೋವನ್ನು ಅದರ ಪಕ್ಕದಲ್ಲಿಟ್ಟರು. "ನೀನೂ?"

"ನಾನೂ. ಆದರೆ ನಾನು ಡ್ರಾಯಿಂಗ್ ಮೇಷ್ಟ್ರು, ಇಲೋನಾ. ಮಸಿಯಲ್ಲ, ಪೆನ್ಸಿಲ್ ಹಿಡಿದೆ."

"ಮತ್ತೆ ಇಷ್ಟು ವರ್ಷ ಯಾಕೆ ಒರೆಸಲಿಲ್ಲ?" ಎಂದು ನಾನು ಕೇಳಿದೆ.

"ಬಾಗಿಲು ಬಡಿದರೆ?" ಎಂದರು ಮುದುಕರು, ಹ್ಯಾರಿಸನ್‌ನ ಆ ಬಾಗಿಲನ್ನೇ ನೋಡುತ್ತಾ.

ಅವರು ಬ್ರೆಡ್ಡಿನ ಒಳಗಿನ ಮೆದು ಭಾಗವನ್ನು ಉಂಡೆ ಮಾಡಿದರು. ಪೆನ್ಸಿಲ್ ಒರೆಸುವ ಹಳೆಯ ಕ್ರಮ. ಫೋಟೋದ ಹತ್ತಿರ ಒಯ್ದು, ಒತ್ತದೆ ಕೆಳಗಿಟ್ಟರು. ಇಲೋನಾ ಉಂಡೆಯನ್ನು ನನ್ನತ್ತ ತಳ್ಳಿದರು. "ನೀನು ಮಾಡು. ನಿನ್ನ ಕೈಗೆ ಭಯ ಗೊತ್ತಿಲ್ಲ."

ನಡುವಿನ ಕಪ್ಪಿನ ಮೇಲೆ ಮೆಲ್ಲಗೆ ಒತ್ತಿ ಎತ್ತಿದೆ. ಬ್ರೆಡ್ಡು ಕಪ್ಪಾಯಿತು. ಹಣೆ ಬಂತು, ಹುಬ್ಬು ಬಂತು. ಮಂಜಿನಿಂದ ಯಾರೋ ನಡೆದು ಬಂದಂತೆ ಕಣ್ಣು, ಆಮೇಲೆ ಕಿವಿ.

"ಅಯ್ಯೋ, ಕಿವಿ!" ಇಲೋನಾ ನಗುತ್ತಲೇ ಅತ್ತರು. "ಇಷ್ಟು ದೊಡ್ಡ ಕಿವಿ ನಾನು ಹೇಗೆ ಮರೆತೆ!"

ನಾಲ್ಕನೆಯದಕ್ಕೆ ಕೈ ಹಾಕಿದೆ. ಫೆರೆಂಟ್ಸ್ ತಲೆ ತಗ್ಗಿಸಿದರು. "ಅದು ನೀನು, ಇಲೋನಾ. ದೇಶ ಬಿಟ್ಟು ಓಡಿದೆಯಲ್ಲ, ಮರುವಾರವೇ ಪೊಲೀಸರು ವಿಚಾರಿಸಲು ಬಂದಿದ್ದರು."

ಇಲೋನಾ ನನ್ನ ಕೈ ತಡೆದರು. "ಬಿಡು. ನನ್ನ ಮುಖ ಕನ್ನಡಿಯಲ್ಲಿದೆ."

ಕೆಳಗಿಳಿಯುವಾಗ ಪಾಟೀಲ ಮೆಲ್ಲಗೆ ಅಂದ: "ಹಾಸ್ಟೆಲ್‌ನ್ಯಾಗ ಕೆಂಪು ಬಾವುಟ ಹಿಡಿದಾಂವ ನಾ. ಇದನ್ನ ಯಾರೂ ಹೇಳಿರಲಿಲ್ಲಲೇ."

ವಾಪಸು ದಾರಿಯಲ್ಲಿ ಮಂಜು ಕರಗಿ ಬಿಸಿಲು ಬಿದ್ದಿತ್ತು. ಇಲೋನಾ ಫೆರೆಂಟ್ಸ್ ಕೊಟ್ಟ ಫೋಟೋವನ್ನು ಮಡಿಲಲ್ಲಿ ತೆರೆದಿಟ್ಟುಕೊಂಡಿದ್ದರು. ವುಡ್‌ಬ್ರಿಡ್ಜ್‌ನ ಟೋಲ್ ಗೇಟಿನಲ್ಲಿ ಯೂನಿಫಾರ್ಮಿನವನು ಕಿಟಕಿಗೆ ಬಗ್ಗಿ, "ಗುಡ್ ಆಫ್ಟರ್‌ನೂನ್," ಎಂದ. ನಾನು ತಿರುಗಿ ನೋಡಿದೆ. ಫೋಟೋ ಕಂಬಳಿಯೊಳಗೆ ಹೋಗಿತ್ತು.

ಕಾರು ಒಂದು ಮೈಲಿ ಸಾಗಿದ ಮೇಲೆ ಆ ಕಿವಿಗಳು ಮೆಲ್ಲಗೆ ಹೊರಬಂದವು.